ನನ್ನ ತಮ್ಮನ ರೌಡಿ ಶೀಟ್

ನನ್ನ ತಮ್ಮ ಹೆದ್ದಾರಿಯ ಮೇಲೆ ಕುಳಿತದ್ದು ಹೆಚ್ಚೆಂದರೆ ಐವತ್ತು ನಿಮಿಷ. ಕುಳಿತುಕೋ ಎಂದು ಹೇಳಿದವಳು ನಾನು. ಅಧಿಕಾರಿಗಳಿಗೆ ಕೊಡುವ ಮನವಿಯನ್ನು ನನ್ನ ಕೈಯಾರೆ ಬರೆದುಕೊಟ್ಟವಳೂ ನಾನೇ. ಆಗ ನಾನು ರಾಣೇಬೆನ್ನೂರಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಮೂಲಭೂತ ಹಕ್ಕುಗಳ ಪಾಠವೆಂದರೆ ನನಗೆ ಎಲ್ಲಿಲ್ಲದ ಉತ್ಸಾಹ. ಶಸ್ತ್ರವಿಲ್ಲದೆ ಶಾಂತಿಯಿಂದ ಸಭೆ ಸೇರುವ ಹಕ್ಕು ಎಂಬ ಮಾತನ್ನು ಹಲಗೆಯ ಮೇಲೆ ಬರೆದು ಅದರ ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ.

ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಓದು ಅವನ ತಲೆಗೆ ಹತ್ತಲಿಲ್ಲ, ಆದರೆ ಕೈಯಲ್ಲಿ ಒಳ್ಳೆಯ ಕಸುಬಿತ್ತು. ಹಾವೇರಿಗೂ ರಾಣೇಬೆನ್ನೂರಿಗೂ ನಡುವೆ, ಬ್ಯಾಡಗಿಗೆ ಹೊರಳುವ ದಾರಿಯ ಆಸುಪಾಸಿನ ಒಂದು ಹೆದ್ದಾರಿ ಊರಿನಲ್ಲಿ ಅವನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನು ರೈತರು ತಂದು ಹಾಕುತ್ತಿದ್ದರು. ಇವನು ಹಳೆಯ ತಾಮ್ರದ ತಂತಿ ಕಿತ್ತು ಹೊಸದನ್ನು ಸುತ್ತಿ ಕೊಡುತ್ತಿದ್ದ. ಅವ್ವ ಅವನ ಮನೆಯಲ್ಲೇ ಇದ್ದಳು. ನಾನು ಮದುವೆಯಾಗಲಿಲ್ಲ. ತಿಂಗಳಿಗೆ ಎರಡು ಸಲ ಬಸ್ಸು ಹತ್ತಿ ಅವರನ್ನು ನೋಡಲು ಹೋಗುತ್ತಿದ್ದೆ.

ರಸ್ತೆ ಅಗಲವಾದ ಮೇಲೆ ಆ ಊರು ಎರಡು ಹೋಳಾಯಿತು. ಮನೆಗಳು ಈ ಕಡೆ, ಹೊಲಗಳು ಮತ್ತು ಶಾಲೆ ಆ ಕಡೆ. ದಾಟುವುದಕ್ಕೆ ಕೆಳಸೇತುವೆ ಇಲ್ಲ. ನಡುವಿನ ಕಟ್ಟೆಯಲ್ಲಿ ಜನ ತಾವೇ ಒಡೆದುಕೊಂಡ ಒಂದು ಕಂಡಿ ಇತ್ತು, ಅಷ್ಟೇ. ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದ ಒಬ್ಬ ಮುದುಕಿಗೆ ಲಾರಿ ಬಡಿದು, ಬುತ್ತಿಯ ರೊಟ್ಟಿ ರಸ್ತೆಯ ತುಂಬ ಚೆಲ್ಲಾಪಿಲ್ಲಿಯಾದ ದಿನ ಊರಿನವರು ರೊಚ್ಚಿಗೆದ್ದರು. ಟೈರ್ ಸುಡೋಣ, ಲಾರಿ ತಡೆದು ಗಾಜು ಒಡೆಯೋಣ ಎಂದು ಕೆಲವರು ಹೊರಟಿದ್ದರು. ತಮ್ಮ ನನಗೆ ಫೋನ್ ಮಾಡಿದ.

ನಾನು ಅವನಿಗೆ ಒಂದು ತಾಸು ಪಾಠ ಮಾಡಿದೆ. ಬೆಂಕಿ ಬೇಡ, ಕಲ್ಲು ಬೇಡ. ಮೊದಲೇ ಲಿಖಿತವಾಗಿ ತಿಳಿಸಿ. ರಸ್ತೆಯ ಮೇಲೆ ಸುಮ್ಮನೆ ಕುಳಿತುಕೊಳ್ಳಿ. ಆಂಬ್ಯುಲೆನ್ಸ್ ಬಂದರೆ ದಾರಿ ಬಿಡಿ. ಅಧಿಕಾರಿ ಬಂದ ಕೂಡಲೇ ಮನವಿ ಕೊಟ್ಟು ಎದ್ದುಬಿಡಿ. ಅವನು ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡಿದ. ಅವತ್ತು ನಿಜವಾಗಿಯೂ ಒಂದು ಆಂಬ್ಯುಲೆನ್ಸ್ ಬಂತಂತೆ, ಇವನೇ ಎದ್ದು ಓಡಿ ಜನರನ್ನು ಸರಿಸಿದನಂತೆ. ನಿಂತ ಬಸ್ಸುಗಳಲ್ಲಿದ್ದ ಪ್ರಯಾಣಿಕರಿಗೆ ಹೆಂಗಸರು ಕೊಡದಲ್ಲಿ ನೀರು ತಂದು ಕೊಟ್ಟರಂತೆ. ಅಧಿಕಾರಿಯೊಬ್ಬರು ಬಂದರು, ಮನವಿ ತೆಗೆದುಕೊಂಡರು, ಮೇಲೆ ಬರೆಯುತ್ತೇವೆ ಎಂದರು. ಎಲ್ಲರೂ ಧೂಳು ಕೊಡವಿಕೊಂಡು ಎದ್ದರು. ಆ ಸಂಜೆ ತಮ್ಮ ಫೋನಿನಲ್ಲಿ ನಗುತ್ತ, ನೀ ಹೇಳಿದಂಗ ಆತು ನೋಡಕ್ಕಾ ಎಂದಿದ್ದ. ಮರುದಿನ ತರಗತಿಯಲ್ಲಿ ನಾನು ಇದನ್ನೇ ಉದಾಹರಣೆಯಾಗಿ ಹೇಳಿದೆ. ಹೆಮ್ಮೆಯಿಂದ ಹೇಳಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎರಡು ವಾರ ಕಳೆದ ಮೇಲೆ ಒಂಬತ್ತು ಜನರ ಮೇಲೆ ಕೇಸು ದಾಖಲಾಗಿದೆ ಎಂದು ತಿಳಿಯಿತು. ಅಕ್ರಮವಾಗಿ ಗುಂಪು ಕೂಡಿದ್ದು, ಹೆದ್ದಾರಿ ತಡೆದದ್ದು. ಪಟ್ಟಿಯಲ್ಲಿ ಮೊದಲನೆಯ ಹೆಸರು ನನ್ನ ತಮ್ಮನದು. ಯಾಕೆಂದರೆ ಮನವಿಯಲ್ಲಿ ಮೊದಲನೆಯ ಸಹಿ ಅವನದಾಗಿತ್ತು. ಆರೋಪಿಗಳ ಹೆಸರನ್ನು ಪೊಲೀಸರು ಹುಡುಕಿಕೊಂಡು ಹೋಗುವ ಪ್ರಮೇಯವೇ ಬರಲಿಲ್ಲ. ನಾವೇ ವಿಳಾಸಸಮೇತ ಬರೆದು ಕೊಟ್ಟಿದ್ದೆವು.

ಅದು ಯಾವ ಠಾಣೆ ಎಂದು ಇಲ್ಲಿ ಬರೆಯುವುದಿಲ್ಲ. ತಮ್ಮ ಇನ್ನೂ ಅದೇ ರಸ್ತೆಯಲ್ಲಿ ಓಡಾಡುತ್ತಾನೆ.

ಒಂದು ದಿನ ಕಾನ್‌ಸ್ಟೇಬಲ್ ಒಬ್ಬ ಅಂಗಡಿಗೆ ಬಂದು ಅವನ ಎರಡು ಫೋಟೊ ಕೇಳಿದ. ಮೈಮೇಲಿನ ಮಚ್ಚೆ, ಗಾಯದ ಗುರುತು ಬರೆದುಕೊಂಡ. ಹೆಂಡತಿಯ ತವರು ಯಾವುದು, ಗೆಳೆಯರು ಯಾರು, ದಿನಾ ಎಲ್ಲಿ ಕೂಡುತ್ತೀ ಎಂದು ಕೇಳಿದ. ತಮ್ಮ ಅವನಿಗೆ ಚಹಾ ತರಿಸಿ ಕೊಟ್ಟು ಎಲ್ಲವನ್ನೂ ಹೇಳಿದ. ಕೇಸಿಗೆ ಬೇಕಾಗಿರಬೇಕು ಎಂದುಕೊಂಡಿದ್ದ. ಗಣಪತಿ ಹಬ್ಬಕ್ಕೆ ವಾರವಿರುವಾಗ ಠಾಣೆಗೆ ಬಾ ಎಂದು ಕರೆ ಬಂತು. ಹೋದರೆ ಅಲ್ಲಿ ಅಂಗಳದಲ್ಲಿ ಮೂವತ್ತು ನಲವತ್ತು ಜನರನ್ನು ಸಾಲಾಗಿ ನೆಲದ ಮೇಲೆ ಕೂರಿಸಿದ್ದರು. ಮಟ್ಕಾ ಬರೆಯುವವರು, ಕುಡಿದು ಚಾಕು ಹಾಕಿದವರು, ಬಡ್ಡಿಗೆ ಹಣ ಕೊಟ್ಟು ಕೈಕಾಲು ಮುರಿದವರು. ಅವರ ನಡುವೆ ಇವನನ್ನೂ ಕೂರಿಸಿದರು. ಹೆಸರು ಕರೆದಾಗ ಎದ್ದು ನಿಂತು, ಮುಂದೆ ಯಾವ ತಂಟೆಗೂ ಹೋಗುವುದಿಲ್ಲ ಎಂದು ಹೇಳಿ ಕುಳಿತುಕೊಳ್ಳಬೇಕು. ತನ್ನ ಹೆಸರಿನಲ್ಲಿ ರೌಡಿ ಶೀಟ್ ತೆರೆಯಲಾಗಿದೆ ಎಂಬುದು ಅವನಿಗೆ ಗೊತ್ತಾದದ್ದು ಆ ಸಾಲಿನಲ್ಲಿ ಕುಳಿತಾಗ. ಯಾರೂ ಮೊದಲು ಹೇಳಿರಲಿಲ್ಲ, ಕೇಳಿರಲಿಲ್ಲ, ಒಂದು ಚೀಟಿಯನ್ನೂ ಕೊಟ್ಟಿರಲಿಲ್ಲ.

ಮರುದಿನ ಪತ್ರಿಕೆಯ ಒಳಪುಟದಲ್ಲಿ ಫೋಟೊ ಬಂತು. ಎರಡನೆಯ ಸಾಲಿನಲ್ಲಿ ತಮ್ಮ. ನಾನು ಯುಗಾದಿಗೆ ಕೊಡಿಸಿದ್ದ ತಿಳಿನೀಲಿ ಅಂಗಿ ತೊಟ್ಟು, ಮೊಣಕಾಲು ಕಟ್ಟಿಕೊಂಡು ಕುಳಿತಿದ್ದ.

ನಮ್ಮ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಯಾದ ಮೇಲೆ ಮಕ್ಕಳು ಸಂವಿಧಾನದ ಪೀಠಿಕೆ ಓದುತ್ತಿದ್ದರು. ಓದಿಸುವ ಹೊಣೆ ನನ್ನದು. ಅವತ್ತು ಶಿಕ್ಷಕರ ಕೋಣೆಯ ಮೇಜಿನ ಮೇಲೆ ಆ ಪತ್ರಿಕೆ ಬಿದ್ದಿತ್ತು. ನಾನು ಒಳಗೆ ಬಂದಾಗ ಒಬ್ಬ ಸಹೋದ್ಯೋಗಿ ಅದನ್ನು ಮಡಚಿ ಪಕ್ಕಕ್ಕಿಟ್ಟರು. ಮಡಚಿದ್ದರಿಂದಲೇ ಎಲ್ಲರೂ ನೋಡಿದ್ದಾರೆ ಎಂದು ನನಗೆ ತಿಳಿಯಿತು. ಅಂಗಳಕ್ಕೆ ಹೋಗಿ ಮೈಕಿನ ಮುಂದೆ ನಿಂತೆ. ವಿಚಾರ, ಅಭಿವ್ಯಕ್ತಿ, ನಂಬಿಕೆ ಎಂಬಲ್ಲಿಗೆ ಬಂದು ನಿಲ್ಲಿಸಿಬಿಟ್ಟೆ. ಮಕ್ಕಳು ನನಗಾಗಿ ಕಾಯಲಿಲ್ಲ, ಬಾಯಿಪಾಠವಾಗಿದ್ದರಿಂದ ತಾವೇ ಕೊನೆಯವರೆಗೆ ಹೇಳಿ ಮುಗಿಸಿದರು.

ಆ ಶನಿವಾರ ಊರಿಗೆ ಹೋದೆ. ತಮ್ಮ ಅಂಗಡಿಯಲ್ಲಿ ಮೋಟಾರ್ ಬಿಚ್ಚಿಕೊಂಡು ಕುಳಿತಿದ್ದ. ತಲೆ ಎತ್ತದೆ ಕೇಳಿದ.

"ಅಕ್ಕಾ, ನಾ ಬೆಂಕಿ ಹಚ್ಚಿದ್ರ ಏನ್ ಮಾಡ್ತಿದ್ರು?"

"ಕೇಸ್ ಹಾಕ್ತಿದ್ರು," ಅಂದೆ.

"ಈಗ್ಲೂ ಹಾಕ್ಯಾರ. ಫರಕ್ ಏನಾತು?"

ಫರಕು ಇದೆ, ಕೋರ್ಟಿನಲ್ಲಿ ಗೊತ್ತಾಗುತ್ತದೆ ಎಂದು ನಾನು ಹೇಳಿದೆ. ಅದನ್ನು ಪೂರ್ತಿ ನಂಬಿಯೇ ಹೇಳಿದ್ದೆ.

ಹಾವೇರಿಯಲ್ಲಿ ನನ್ನ ಪರಿಚಯದ ಒಬ್ಬ ವಕೀಲರಿದ್ದರು. ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಬಡವರ ಕೇಸುಗಳನ್ನೇ ಹೆಚ್ಚಾಗಿ ನಡೆಸುತ್ತಿದ್ದರು. ತಮ್ಮನ ಕೇಸನ್ನು ಅವರಿಗೆ ಒಪ್ಪಿಸಿದೆವು. ನಾಲ್ಕು ವರ್ಷ ನಡೆಯಿತು. ಪ್ರತಿ ತಾರೀಖಿಗೆ ತಮ್ಮ ಅಂಗಡಿ ಮುಚ್ಚಿ ಹಾವೇರಿಗೆ ಬರುತ್ತಿದ್ದ, ನ್ಯಾಯಾಲಯದ ಹೊರಗಿನ ಬೇವಿನ ಮರದ ಕೆಳಗೆ ಮಧ್ಯಾಹ್ನದವರೆಗೆ ನಿಂತು, ಮುಂದಿನ ತಾರೀಖು ಕೇಳಿಕೊಂಡು ಹೋಗುತ್ತಿದ್ದ. ಕೊನೆಗೆ ಒಂಬತ್ತು ಜನರೂ ಖುಲಾಸೆಯಾದರು. ಆಂಬ್ಯುಲೆನ್ಸ್ ಚಾಲಕನೇ ಬಂದು, ಇವರು ನನಗೆ ದಾರಿ ಬಿಡಿಸಿದರು ಎಂದು ಸಾಕ್ಷಿ ಹೇಳಿದ. ನಾನು ಪೇಡೆ ಒಯ್ದಿದ್ದೆ. ಅವ್ವ ಮೊದಲ ತುಂಡನ್ನು ವಕೀಲರಿಗೆ ಕಳಿಸು ಎಂದಳು. ಅವರಿಗೆ ಸಕ್ಕರೆ ಕಾಯಿಲೆ ಎಂದಾಗ ಎಲ್ಲರೂ ನಕ್ಕೆವು.

ಆ ವರ್ಷದ ಹಬ್ಬಕ್ಕೂ ತಮ್ಮನನ್ನು ಕರೆದರು. ಅವನು ತೀರ್ಪಿನ ಪ್ರತಿ ಜೇಬಿನಲ್ಲಿಟ್ಟುಕೊಂಡು ಹೋಗಿದ್ದ. ಇನ್‌ಸ್ಪೆಕ್ಟರ್ ಅದನ್ನು ತೆಗೆದುಕೊಂಡು ಓದಿದರು, ಮರ್ಯಾದೆಯಿಂದಲೇ ಮಾತಾಡಿದರು. ಕೇಸು ಬೇರೆ, ಶೀಟು ಬೇರೆ ಎಂದರು. ಕೇಸು ಮುಗಿದರೂ ಶೀಟು ತಾನಾಗಿ ಮುಚ್ಚುವುದಿಲ್ಲ, ಮೇಲಿನವರು ಹೇಳಬೇಕು. ಮೇಲಿನವರು ಯಾರು ಎಂದರೆ, ಅರ್ಜಿ ಕೊಡಿ ಎಂದರು. ತೀರ್ಪನ್ನು ಮಡಚಿ ವಾಪಸು ಕೊಟ್ಟು, ಹೋಗಿ ಸಾಲಿನಲ್ಲಿ ಕುಳಿತುಕೋ ಎಂದರು.

ಅರ್ಜಿ ಕೊಟ್ಟೆವು. ಎಷ್ಟು ಕೊಟ್ಟೆವು ಎಂದು ಈಗ ಲೆಕ್ಕವಿಲ್ಲ. ಕೆಲವಕ್ಕೆ ಸ್ವೀಕೃತಿ ಬಂತು, ಕೆಲವಕ್ಕೆ ಅದೂ ಇಲ್ಲ.

ಒಂಬತ್ತು ಜನರಲ್ಲಿ ಶೀಟು ತೆರೆದದ್ದು ಇಬ್ಬರ ಮೇಲೆ. ಇನ್ನೊಬ್ಬ ಟ್ರ್ಯಾಕ್ಟರ್ ಬಾಡಿಗೆಗೆ ಓಡಿಸುವವನು. ಅವನು ಅರ್ಜಿ ಬರೆಯಲಿಲ್ಲ. ಆ ಭಾಗದ ಒಬ್ಬ ಮುಖಂಡರ ಹಿಂದೆ ತಿರುಗತೊಡಗಿದ, ಅವರ ಹುಟ್ಟುಹಬ್ಬಕ್ಕೆ ಬಸ್ ನಿಲ್ದಾಣದ ಮುಂದೆ ಫ್ಲೆಕ್ಸ್ ಹಾಕಿಸಿದ, ಚುನಾವಣೆಯಲ್ಲಿ ನಾಲ್ಕು ಟ್ರ್ಯಾಕ್ಟರ್ ತುಂಬ ಜನ ತಂದ. ಆರು ತಿಂಗಳೊಳಗೆ ಅವನ ಶೀಟು ಮುಚ್ಚಿತು. ಯಾವ ಕಾಗದ, ಯಾವ ಆದೇಶ, ಅವನಿಗೂ ತಿಳಿಯದು. ಹಬ್ಬಕ್ಕೆ ಕರೆಯುವುದನ್ನು ನಿಲ್ಲಿಸಿದರು, ಅಷ್ಟೇ.

ಅವನೇ ಬಂದು ತಮ್ಮನಿಗೂ ದಾರಿ ತೋರಿಸಿದ. ಒಂದು ಸಲ ನಮ್ಮ ಮುಖಂಡರ ಮುಂದೆ ಬಂದು ನಿಲ್ಲು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದ. ತಮ್ಮನ ಹೆಂಡತಿಗೆ ಆಸೆಯಾಯಿತು. ಅವಳು ಕಡಿಮೆ ಮಾತಿನ ಹೆಂಗಸು. ಅವತ್ತು ನನ್ನ ಎದುರು ಕುಳಿತು, "ಅಕ್ಕಾರ, ನೀವು ಹೂಂ ಅನ್ರಿ, ಇವ್ರು ಹೋಗ್ತಾರ," ಎಂದಳು. ತಮ್ಮ ನನ್ನ ಮುಖ ನೋಡುತ್ತಿದ್ದ.

ನಾನು ಹೂಂ ಅನ್ನಲಿಲ್ಲ. ಹಕ್ಕಿನಿಂದ ಸಿಗಬೇಕಾದದ್ದನ್ನು ಕೈಮುಗಿದು ಪಡೆದರೆ ನಾಳೆ ಕೈಮುಗಿಯುವುದನ್ನು ಬಿಟ್ಟಾಗ ಅದು ಮತ್ತೆ ಹೋಗುತ್ತದೆ ಎಂದೆ. ನಿಯಮವೇ ತಪ್ಪಿದೆ, ನಿಯಮವನ್ನೇ ತಿದ್ದಿಸೋಣ, ನಿನ್ನಂಥ ಇನ್ನೂ ಎಷ್ಟು ಜನರಿಗೆ ಉಪಕಾರವಾಗುತ್ತದೆ ನೋಡು ಎಂದೆ. ಮಾತು ಚೆನ್ನಾಗಿಯೇ ಇತ್ತು. ಆದರೆ ಠಾಣೆಯ ಅಂಗಳದಲ್ಲಿ ಮೊಣಕಾಲು ಕಟ್ಟಿ ಕುಳಿತುಕೊಳ್ಳಬೇಕಾದವಳು ನಾನಲ್ಲ. ಆಯಿತು, ನೀನು ಹೇಳಿದಂತೆ ಆಗಲಿ ಎಂದ ತಮ್ಮ. ಅವನ ಹೆಂಡತಿ ಎದ್ದು ಒಳಗೆ ಹೋದಳು.

ಹಾಗೆ ಶುರುವಾಯಿತು ನಮ್ಮ ಸುಧಾರಣೆ. ವಕೀಲರು, ನಾನು, ಹಾವೇರಿಯ ಒಬ್ಬ ನಿವೃತ್ತ ಅಂಚೆ ನೌಕರರು. ಒಟ್ಟು ಮೂರು ಜನ. ವಕೀಲರು ಎರಡು ಪುಟದ ಮನವಿ ಸಿದ್ಧಪಡಿಸಿದರು. ಶೀಟು ತೆರೆಯುವ ಮೊದಲು ಆ ಮನುಷ್ಯನಿಗೆ ನೋಟಿಸು ಕೊಟ್ಟು ಅವನ ಮಾತು ಕೇಳಬೇಕು. ಕೇಸು ಖುಲಾಸೆಯಾದರೆ ಶೀಟು ಮುಚ್ಚಬೇಕು. ವರ್ಷಕ್ಕೊಮ್ಮೆ ಪ್ರತಿ ಶೀಟನ್ನೂ ಮರುಪರಿಶೀಲಿಸಬೇಕು. ಇಷ್ಟೇ ನಾವು ಕೇಳಿದ್ದು. ಇದಕ್ಕೆ ಜನರ ಸಹಿ ಮಾಡಿಸಿ ಸರ್ಕಾರಕ್ಕೂ ಶಾಸಕರಿಗೂ ಕಳಿಸುವುದೆಂದು ತೀರ್ಮಾನವಾಯಿತು.

ಭಾನುವಾರಗಳೆಲ್ಲ ಅದರಲ್ಲೇ ಕಳೆದವು. ಗುತ್ತಲದ ಸಂತೆಯಲ್ಲಿ ಒಂದು ಮೇಜು ಹಾಕಿಕೊಂಡು ಕುಳಿತೆವು. ರಾಣೇಬೆನ್ನೂರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳ ಅಂಗಡಿಗಳಿಗೆ ಹೋದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಕೆಂಪಾದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದರು. ಘಾಟಿಗೆ ನಾನು ಕೆಮ್ಮುತ್ತಿದ್ದರೆ ಅವರಿಗೆ ನಗು. ಅವರಲ್ಲಿ ಒಬ್ಬಳು ಮಾತ್ರ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ಇದಕ್ಕ ಸಹಿ ಮಾಡಿದ್ರ ನಮ್ಮ ಮ್ಯಾಲೂ ಶೀಟ್ ತೆಗೀತಾರೇನ್ರಿ?" ನಾನು ಇಲ್ಲ ಎಂದೆ. ಅವಳು ಕಾಗದವನ್ನು ಹಾಗೆಯೇ ವಾಪಸು ಕೊಟ್ಟಳು.

ಸಹಿಯ ಒಂದು ಹಾಳೆಯನ್ನು ತಮ್ಮನ ಅಂಗಡಿಯ ಮುಂದೆಯೂ ಇಟ್ಟಿದ್ದೆವು. ಅವನು ಬೇಡ ಎಂದಿದ್ದ. ಮೋಟಾರ್ ತರುವ ರೈತರು ಸಹಿ ಮಾಡುತ್ತಾರೆ, ಇರಲಿ ಎಂದು ನಾನೇ ಒತ್ತಾಯಿಸಿದೆ.

ಮನವಿ ಬೆಂಗಳೂರಿಗೆ ಹೋಯಿತು. ಪರಿಶೀಲಿಸಲಾಗುವುದು ಎಂದು ಉತ್ತರ ಬಂತು. ಶಾಸಕರೊಬ್ಬರು ನಮ್ಮನ್ನು ಕೂರಿಸಿಕೊಂಡು, ಒಳ್ಳೆಯ ವಿಷಯ, ಸದನದಲ್ಲಿ ಎತ್ತುತ್ತೇನೆ ಎಂದರು. ಎತ್ತಲಿಲ್ಲ. ಮತ್ತೊಮ್ಮೆ ಹೋದಾಗ ಯಾವ ವಿಷಯ ಎಂದು ಕೇಳಿದರು. ನಾವು ಮೂವರೂ ಮತ್ತೆ ಮೊದಲಿನಿಂದ ಹೇಳಿದೆವು.

ಇಷ್ಟರಲ್ಲಿ ಚುನಾವಣೆ ಬಂತು. ಪ್ರತಿ ಚುನಾವಣೆಗೆ ತಮ್ಮನಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಿದ್ದರು, ಅದು ರೂಢಿಯಾಗಿತ್ತು. ಈ ಸಲ ಗಡಿಪಾರು ಎಂದರು. ಚುನಾವಣೆ ಮುಗಿಯುವವರೆಗೆ ಜಿಲ್ಲೆಯಲ್ಲಿ ಇರಕೂಡದು, ದೂರದ ಒಂದು ಜಿಲ್ಲೆಗೆ ಹೋಗಿ ಅಲ್ಲಿಯ ಠಾಣೆಯಲ್ಲಿ ವಾರಕ್ಕೊಮ್ಮೆ ಹಾಜರಿ ಹಾಕಬೇಕು. ಯಾಕೆ ಎಂದು ಕೇಳಿದರೆ, ಪಟ್ಟಿಯಿಂದ ಇಷ್ಟು ಹೆಸರು ಕೊಡಬೇಕೆಂದು ಮೇಲಿನಿಂದ ಬಂದಿದೆ ಎಂದು ಕಾನ್‌ಸ್ಟೇಬಲ್ ಹೇಳಿದ. ಚಾಕು ಹಾಕಿದವರ ಪರವಾಗಿ ಮೇಲಿನವರಿಗೆ ಯಾರೋ ಒಬ್ಬರು ಹೇಳುವವರಿದ್ದರು. ನನ್ನ ತಮ್ಮನ ಪರವಾಗಿ ಹೇಳುವವಳು ನಾನೊಬ್ಬಳು, ನಾನು ಹೇಳುತ್ತಿದ್ದುದು ಕಾಗದದ ಮೇಲೆ.

ಅವನು ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು ಹೋದ. ಅಲ್ಲಿ ಬಸ್ ನಿಲ್ದಾಣದ ಹತ್ತಿರ ಒಂದು ಖೋಲಿ ಹಿಡಿದು, ಯಾವುದೋ ರಿವೈಂಡಿಂಗ್ ಅಂಗಡಿಯಲ್ಲಿ ದಿನಗೂಲಿಗೆ ಸೇರಿದ. ಅವ್ವನಿಗೆ ಆಗ ಉಸಿರಾಟದ ತೊಂದರೆ ಶುರುವಾಗಿತ್ತು. ಅವನು ಹೋದ ಮೂರನೆಯ ವಾರ ಅವಳನ್ನು ಹಾವೇರಿಯ ಆಸ್ಪತ್ರೆಗೆ ಸೇರಿಸಿದೆ. ಎಲ್ಲಿ ಅವನು, ಯಾಕ ಬರವಲ್ಲ ಎಂದು ಅವಳು ಕೇಳುತ್ತಿದ್ದಳು. ಕೆಲಸದ ಮೇಲೆ ಹೋಗಿದ್ದಾನೆ ಎಂದು ನಾವು ಹೇಳಿದ್ದೆವು. ಅವಳು ನಂಬಿದ್ದಳೋ ಇಲ್ಲವೋ. ಒಂದು ವಾರ ಜಿಲ್ಲೆಗೆ ಬಂದು ಹೋಗಲು ಅನುಮತಿ ಕೊಡಿ ಎಂದು ವಕೀಲರು ಅರ್ಜಿ ಹಾಕಿದರು. ಅರ್ಜಿಯನ್ನು ಒಂದು ಕಚೇರಿಯಿಂದ ಇನ್ನೊಂದಕ್ಕೆ ಕಳಿಸಿದರು. ಎರಡನೆಯ ಕಚೇರಿಯವರು ಚುನಾವಣೆಯ ತರಬೇತಿಗೆ ಹೋಗಿದ್ದರು. ಅನುಮತಿ ಬಂದದ್ದು ಅವ್ವ ತೀರಿಕೊಂಡ ಮಧ್ಯಾಹ್ನ. ನಾಲ್ಕು ತಾಸು, ಒಬ್ಬ ಪೊಲೀಸ್ ಜೊತೆಗೆ.

ಹೊಲದಲ್ಲಿ ಕುಣಿ ತೋಡಿ ಮರುದಿನ ಸಂಜೆಯವರೆಗೆ ಕಾದೆವು. ಅವನು ಬಂದಾಗ ಅವ್ವನನ್ನು ವಿಭೂತಿ ಹಚ್ಚಿ ಕೂರಿಸಿಯಾಗಿತ್ತು. ಜೊತೆಗೆ ಬಂದಿದ್ದ ಪೊಲೀಸಿನವನು ಒಳ್ಳೆಯ ಮನುಷ್ಯ, ದೂರದಲ್ಲಿ ಬದುವಿನ ಮೇಲೆ ಕುಳಿತಿದ್ದ. ಆದರೂ ಎರಡು ಸಲ ಗಡಿಯಾರ ನೋಡಿಕೊಂಡ. ತಮ್ಮ ಮಣ್ಣು ಹಾಕಿದ, ಕೈ ತೊಳೆದುಕೊಂಡ, ಹೆಂಡತಿಯ ಹತ್ತಿರ ಎರಡು ಮಾತಾಡಿದ. ನಾನು ಅವನ ಹೆಗಲ ಮೇಲೆ ಕೈ ಇಟ್ಟೆ. ಅವನು ಮೆಲ್ಲಗೆ ಕೈ ಸರಿಸಿದ.

"ನೀ ಅವತ್ತ ಹೂಂ ಅಂದಿದ್ರ ನಾ ಇಲ್ಲೇ ಇರ್ತಿದ್ದೆ," ಎಂದ. ಅಷ್ಟು ಹೇಳಿ ಪೊಲೀಸಿನವನ ಕಡೆ ನಡೆದ.

ಗಡಿಪಾರು ಮುಗಿಸಿ ಬಂದ ಮೇಲೆ ಅವನು ನನ್ನ ಜೊತೆ ಮಾತು ಕಡಿಮೆ ಮಾಡಿದ. ಜಗಳವೇನೂ ಆಗಲಿಲ್ಲ. ನಾನು ಹೋದರೆ ಬಾ ಎನ್ನುತ್ತಿದ್ದ, ಊಟಕ್ಕೆ ಹಾಕಿಸುತ್ತಿದ್ದ, ಬಸ್ಸಿಗೆ ಬಿಟ್ಟುಬರುತ್ತಿದ್ದ. ಶೀಟಿನ ಮಾತು ತೆಗೆದರೆ ಎದ್ದು ಅಂಗಡಿಗೆ ಹೋಗುತ್ತಿದ್ದ. ಅಂಗಡಿಯಲ್ಲಿ ನಾಲ್ಕು ಜನ ಕೂಡಿ ಹರಟೆ ಹೊಡೆಯುವುದನ್ನು ನಿಲ್ಲಿಸಿಬಿಟ್ಟಿದ್ದ, ಹೊರಗಿನ ಬೆಂಚನ್ನು ತೆಗೆಸಿದ್ದ. ಗುಂಪು ಕೂಡಿತ್ತು ಎಂದು ಯಾರಾದರೂ ಬರೆದರೆ ಎಂಬ ಅಂಜಿಕೆ.

ನನ್ನ ನಿವೃತ್ತಿಯಾದ ವರ್ಷ, ನಾವು ಕೈಬಿಟ್ಟು ಕುಳಿತಿದ್ದಾಗ, ನಾವು ಕೇಳಿದ್ದು ಆಯಿತು. ಯಾರೋ ಬೇರೆಯವರ ಕೇಸಿನಲ್ಲಿ ನ್ಯಾಯಾಲಯ ಪೊಲೀಸರಿಗೆ ತಿಳಿಹೇಳಿತೆಂದೂ, ಅದರ ಮೇಲೆ ಸುತ್ತೋಲೆ ಹೊರಟಿದೆಯೆಂದೂ ವಕೀಲರು ಫೋನ್ ಮಾಡಿದರು. ಸುತ್ತೋಲೆಯ ಪ್ರತಿ ತರಿಸಿ ಓದಿದರೆ, ಮೊದಲು ನೋಟಿಸು ಕೊಡಬೇಕು, ಕಾಲಕಾಲಕ್ಕೆ ಪರಿಶೀಲಿಸಬೇಕು ಎಂದೆಲ್ಲ ಇತ್ತು. ಹೆಚ್ಚುಕಡಿಮೆ ನಮ್ಮ ಎರಡು ಪುಟದ ಮಾತುಗಳೇ. ನಮ್ಮ ಮನವಿಯಿಂದ ಆಯಿತೋ, ಯಾರ ಯಾರ ಮನವಿಗಳಿಂದ ಆಯಿತೋ, ನಮಗೆ ತಿಳಿಯುವ ದಾರಿ ಇರಲಿಲ್ಲ. ಅಂಚೆ ನೌಕರರು ಅಷ್ಟರಲ್ಲಿ ತೀರಿಕೊಂಡಿದ್ದರು. ವಕೀಲರು ಫೋನಿನಲ್ಲಿ ಚಿಕ್ಕ ಮಕ್ಕಳಂತೆ ಖುಷಿಪಟ್ಟರು. ನಾನೂ ಖುಷಿಪಟ್ಟೆ. ಸುಳ್ಳು ಹೇಳುವುದಿಲ್ಲ.

ತಮ್ಮನಿಗೆ ಮೊದಲ ಬಾರಿಗೆ ನೋಟಿಸು ಬಂತು. ನಿನ್ನ ಶೀಟನ್ನು ಯಾಕೆ ಮುಂದುವರಿಸಬಾರದು ಎಂದು ಹೇಳಲು ಬಾ. ವಕೀಲರು ಅವನ ಜೊತೆ ಹೋದರು, ನಾನೂ ಹೋದೆ. ಅಧಿಕಾರಿ ಹೊಸಬರು. ನಮ್ಮನ್ನು ಕೂರಿಸಿ ಮಾತಾಡಿಸಿದರು. ಖುಲಾಸೆ ತೀರ್ಪು, ಆಂಬ್ಯುಲೆನ್ಸ್ ಚಾಲಕನ ಸಾಕ್ಷಿ, ಊರಿನ ಐವತ್ತು ಜನರ ಹೇಳಿಕೆ, ಎಲ್ಲವನ್ನೂ ಕೊಟ್ಟೆವು. ತಿಂಗಳ ಮೇಲೆ ಆದೇಶ ಬಂತು. ಶೀಟನ್ನು ಮುಂದುವರಿಸಲಾಗಿದೆ. ಕಾರಣ ಕೆಳಗೆ ಬರೆದಿತ್ತು, ಈಗ ಕಾರಣ ಬರೆಯಬೇಕೆಂಬ ನಿಯಮವಿತ್ತಲ್ಲ. ಈ ವ್ಯಕ್ತಿ ತನ್ನ ಅಂಗಡಿಯಲ್ಲಿ ಇಲಾಖೆಯ ವಿರುದ್ಧ ಸಾರ್ವಜನಿಕರ ಸಹಿ ಸಂಗ್ರಹಿಸಿದ್ದಾನೆ, ಜನರನ್ನು ಗುಂಪುಗೂಡಿಸುವ ಪ್ರವೃತ್ತಿ ಉಳ್ಳವನು.

ನಾನು ಆ ವಾಕ್ಯವನ್ನು ಮೂರು ಸಲ ಓದಿದೆ. ಮೊದಲಿನ ಮನವಿಯಲ್ಲಿ ಅವನ ಸಹಿ ಹಾಕಿಸಿ ಅವನನ್ನು ಆರೋಪಿ ಮಾಡಿದ್ದೆ. ಎರಡನೆಯ ಮನವಿಯ ಹಾಳೆಯನ್ನು ಅವನ ಅಂಗಡಿಯಲ್ಲಿಟ್ಟು ರೌಡಿಯಾಗಿ ಉಳಿಸಿದೆ. ನಿಯಮ ತಿದ್ದಿಸುವ ಕೆಲಸವನ್ನೇ ಅವರು ಅಪರಾಧವೆಂದು ಬರೆದಿದ್ದರು, ಅದನ್ನೂ ನಾವೇ ಕೇಳಿಕೊಂಡಿದ್ದ ನಿಯಮದ ಪ್ರಕಾರ ಬರೆದಿದ್ದರು. ಅಂದು ಮೊದಲ ಬಾರಿಗೆ, ಇನ್ನು ಸಾಕು, ಹೋಗಿ ಆ ಮುಖಂಡರ ಕಾಲು ಹಿಡಿ ಎಂದು ಹೇಳಬೇಕೆನಿಸಿತು. ಹೇಳಲೂ ಹೇಳಿದೆ. ತಮ್ಮ ಆದೇಶವನ್ನು ಮಡಚಿ ನನ್ನ ಕೈಗಿಟ್ಟ.

"ಈಗ್ಯಾಕ? ಅವ್ವ ಹೋದ್ಲು," ಎಂದ. "ಈಗ ನೀ ಏನಾರ ಮಾಡ್ಕೊ."

ಆ ಆದೇಶದಲ್ಲಿ ಕಾರಣ ಬರೆದಿದ್ದರಿಂದಲೇ ಅದನ್ನು ಪ್ರಶ್ನಿಸಲು ಬಂತು ಎಂದು ವಕೀಲರು ಹೇಳುತ್ತಾರೆ. ಮೊದಲಾದರೆ ಪ್ರಶ್ನಿಸಲು ಏನೂ ಇರುತ್ತಿರಲಿಲ್ಲ. ಅದು ನಿಜ. ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋದೆವು. ಅಲ್ಲಿ ನಡೆಸಿದವರು ಒಬ್ಬ ತರುಣ ವಕೀಲೆ. ಒಂದು ವರ್ಷ ಕಾದ ಮೇಲೆ ನಮ್ಮ ಸರದಿ ಬಂತು. ಸಹಿ ಸಂಗ್ರಹಿಸುವುದು ಅಪರಾಧವೇ ಎಂದು ನ್ಯಾಯಮೂರ್ತಿಗಳು ಸರ್ಕಾರದ ವಕೀಲರನ್ನು ಕೇಳಿದರು. ಅವರು ಕಡತ ತಿರುವಿ ಹಾಕಿ, ಅಲ್ಲ ಎಂದರು. ಶೀಟು ರದ್ದಾಯಿತು. ನಾನು ಕೈಚೀಲದಿಂದ ಕನ್ನಡಕ ತೆಗೆದು ಹಾಕಿಕೊಳ್ಳುವಷ್ಟರಲ್ಲಿ ಮುಂದಿನ ಕೇಸಿನ ಹೆಸರು ಕೂಗಿದ್ದರು.

ಆದೇಶದ ಪ್ರತಿಯನ್ನು ತಮ್ಮನಿಗೆ ಕೊಡಲು ನಾನೇ ಊರಿಗೆ ಹೋದೆ. ಅವನು ಅದನ್ನು ಓದಲಿಲ್ಲ. ಎಣ್ಣೆಕೈ ಒರೆಸಿಕೊಂಡು ತುದಿಯಲ್ಲಿ ಹಿಡಿದುಕೊಂಡು ಹೆಂಡತಿಗೆ ಕೊಟ್ಟ. ಅವಳು ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕಪಾಟಿನಲ್ಲಿ ರೇಷನ್ ಕಾರ್ಡಿನ ಜೊತೆ ಇಟ್ಟಳು. ಚಹಾ ಕುಡಿದೆವು. ಇನ್ನು ಹಬ್ಬಕ್ಕೆ ಕರೆಯುವುದಿಲ್ಲ, ನೀನು ಯಾರಿಗೂ ಅಂಜಬೇಕಾಗಿಲ್ಲ, ಹೊರಗೆ ಮತ್ತೆ ಬೆಂಚು ಹಾಕಿಸು ಎಂದೆ.

"ನೀ ಗೆದ್ದೆಕ್ಕಾ," ಎಂದ. ವ್ಯಂಗ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. "ನಾ ಯಾರ ಕೂಡಾನೂ ಕುಂದ್ರಾಂಗಿಲ್ಲ. ಬೆಂಚ್ ಯಾಕ ಬೇಕು?"

ಅವನು ಬೆಂಚು ಹಾಕಿಸಲಿಲ್ಲ. ಹಾಲಿನ ಸಂಘದ ಸಭೆಗೂ ಹೋಗುವುದಿಲ್ಲ. ಹೋದ ವರ್ಷ ಊರಿನವರು ಕುಡಿಯುವ ನೀರಿಗಾಗಿ ಪಂಚಾಯಿತಿಗೆ ಮನವಿ ಒಯ್ದಾಗ ಸಹಿ ಹಾಕು ಎಂದರೆ ಹಾಕಲಿಲ್ಲವಂತೆ. ಹೆದ್ದಾರಿಯ ಕೆಳಗೆ ಸೇತುವೆ ಆಗಿದೆ. ಎಮ್ಮೆಗಳು, ಶಾಲೆಯ ಮಕ್ಕಳು ಎಲ್ಲ ಅಲ್ಲಿಂದಲೇ ದಾಟುತ್ತಾರೆ. ಅದನ್ನು ಮಾಡಿಸಿದವರು ತಾವೇ ಎಂದು ಆ ಮುಖಂಡರು ಫ್ಲೆಕ್ಸ್ ಕಟ್ಟಿಸಿದ್ದರು. ಫ್ಲೆಕ್ಸಿನ ಕೆಳಗಿನ ಸಾಲಿನ ಸಣ್ಣ ಫೋಟೊಗಳಲ್ಲಿ ಟ್ರ್ಯಾಕ್ಟರಿನವನೂ ಇದ್ದ.

ಕಳೆದುಹೋದ ಸ್ವಾತಂತ್ರ್ಯ ಸಂವಿಧಾನದ ದಾರಿಯಿಂದ ಮರಳಿ ಬರುತ್ತದೆಯೇ ಎಂದು ನನ್ನನ್ನು ಯಾರಾದರೂ ಕೇಳಿದರೆ, ಬರುತ್ತದೆ ಎಂದೇ ಹೇಳಬೇಕಾಗುತ್ತದೆ. ಬಂದದ್ದಕ್ಕೆ ಕಪಾಟಿನಲ್ಲಿ ಕಾಗದವಿದೆ. ಅದು ಯಾರಿಗಾಗಿ ಬಂತೋ ಅವನು ಅದನ್ನು ಮುಟ್ಟುವುದಿಲ್ಲ ಎಂಬುದನ್ನೂ ಹೇಳಬೇಕಾಗುತ್ತದೆ. ತರಗತಿಯಲ್ಲಿ ಇದನ್ನು ಹೇಗೆ ಕಲಿಸುತ್ತಿದ್ದೆನೋ ಗೊತ್ತಿಲ್ಲ. ನಿವೃತ್ತಿಯಾದದ್ದು ಒಳ್ಳೆಯದೇ ಆಯಿತು.

ಕಳೆದ ತಿಂಗಳು ಗುತ್ತಲದ ಕಡೆಯ ಒಬ್ಬ ಹೆಂಗಸು ವಿಳಾಸ ಹುಡುಕಿಕೊಂಡು ನನ್ನ ಮನೆಗೆ ಬಂದಳು. ಗಂಡ ಗೋಡೆ ಕಟ್ಟುವ ಗೌಂಡಿ ಕೆಲಸದವನು, ಮರಳಿನ ಲಾರಿಗಳ ಕಾಟದ ವಿರುದ್ಧ ಊರವರ ಜೊತೆ ಧರಣಿ ಕುಳಿತಿದ್ದನಂತೆ. ಅವನಿಗೆ ನೋಟಿಸು ಬಂದಿದೆ. ನಿನ್ನ ಮೇಲೆ ಯಾಕೆ ಶೀಟು ತೆರೆಯಬಾರದು, ಏಳು ದಿನದಲ್ಲಿ ಉತ್ತರ ಕೊಡು ಎಂದಿದೆ. ನನ್ನ ತಮ್ಮನಿಗೆ ಆ ಏಳು ದಿನ ಸಿಕ್ಕಿರಲಿಲ್ಲ. ಆ ಹೆಂಗಸು ನೋಟಿಸನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡು ಬಂದಿದ್ದಳು, ಬೆವರಿಗೆ ಅಕ್ಷರ ಒದ್ದೆಯಾಗಿತ್ತು.

"ನೀವು ಬರ್ದ ಕೊಟ್ರ ಆಗ್ತೈತಿ ಅಂದ್ರು," ಎಂದಳು.

ಯಾರು ಹಾಗೆ ಹೇಳಿದರು ಎಂದು ಕೇಳಿದೆ. ಹೆದ್ದಾರಿಯ ಬದಿ ಮೋಟಾರ್ ರಿಪೇರಿ ಮಾಡುವವರು ಹೇಳಿದರು ಎಂದಳು. ಅವಳ ಭಾವನ ಮೋಟಾರ್ ಅಲ್ಲಿಗೆ ಹೋಗಿತ್ತಂತೆ. ಅವರು ಮತ್ತೇನಾದರೂ ಹೇಳಿದರೇ ಎಂದೆ. ಇಲ್ಲರಿ, ಬರೀ ವಿಳಾಸ ಬರೆದು ಕೊಟ್ಟರು ಎಂದಳು.

ನನಗೆ ಅವಳನ್ನು ವಾಪಸು ಕಳಿಸಬೇಕೆನಿಸಿತು. ನಿಮ್ಮ ಊರಿನಲ್ಲಿ ದೊಡ್ಡವರು ಯಾರಿದ್ದಾರೆ, ಅವರ ಹತ್ತಿರ ಹೋಗಿ ನಿಲ್ಲಿ, ಇದು ಬೇಗ ಮುಗಿಯುತ್ತದೆ ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಅವಳಿಗೆ ಎರಡೂ ದಾರಿಯನ್ನು ಹೇಳಿದೆ. ನನ್ನ ದಾರಿಯಲ್ಲಿ ಎಷ್ಟು ವರ್ಷ ಹಿಡಿಯಿತು, ಅಷ್ಟರಲ್ಲಿ ನಮ್ಮ ಮನೆಯಲ್ಲಿ ಏನೇನಾಯಿತು ಎಂಬುದನ್ನು ಮುಚ್ಚಿಡದೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ತಮ್ಮ ಊರಿನ ದೊಡ್ಡವರದೇ ಆ ಮರಳಿನ ಲಾರಿಗಳು ಎಂದಳು.

ಕುರ್ಚಿ ಎಳೆದುಕೊಂಡು ಕುಳಿತೆ. ಹಾಳೆ ತೆಗೆದು ಮೇಲ್ಗಡೆ ತಾರೀಖು ಬರೆದು, ಗಂಡನ ಹೆಸರು, ವಯಸ್ಸು, ಕಸುಬು ಹೇಳು ಎಂದೆ. ಅವಳು ಒಂದೊಂದಾಗಿ ಹೇಳತೊಡಗಿದಳು.